ಏಳನೇ ಬಾಟಲಿಯ ಸೊನ್ನೆಗಳು

ಏಳನೇ ನಂಬರಿನ ಬಾಟಲಿಯನ್ನು ಆರಿಸಿದವಳು ನಾನೇ. ಬೇರೆ ಯಾರಾದರೂ ಆರಿಸಿದ್ದರೆ, ನನ್ನನ್ನು ಸಿಕ್ಕಿಸಲು ಹೂಡಿದ ಸಂಚು ಎಂದು ಕೂಗಾಡಬಹುದಿತ್ತು. ಆ ಭಾಗ್ಯವೂ ನನಗಿರಲಿಲ್ಲ.

ವಿಶಾಖಪಟ್ಟಣದ ಹೊರವಲಯದಲ್ಲಿರುವ ಒಂದು ವಿಷಪರೀಕ್ಷಾ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಕಂಪನಿಗಳು ತಮ್ಮ ರಾಸಾಯನಿಕಗಳನ್ನು ಕಳಿಸುತ್ತವೆ. ಅವು ಚರ್ಮವನ್ನು ಸುಡುತ್ತವೆಯೇ, ಕಣ್ಣಿಗೆ ಕೇಡು ಮಾಡುತ್ತವೆಯೇ ಎಂದು ನಾವು ಪರೀಕ್ಷಿಸಿ ಹೇಳಬೇಕು. ನನ್ನ ಪಾಲಿಗೆ ಬಂದದ್ದು ಕಣ್ಣು. ಒಂದೊಂದು ರಾಸಾಯನಿಕಕ್ಕೆ ಮೂರು ಮೊಲ. ಪ್ರತಿ ಮೊಲದ ಎಡಗಣ್ಣಿಗೆ ಹನಿ ಬಿಡುವುದು, ಬಲಗಣ್ಣನ್ನು ಹಾಗೇ ಬಿಡುವುದು. ಹನಿ ಬಿಟ್ಟ ಒಂದು ಗಂಟೆಯ ಮೇಲೆ ಒಂದು ಸಲ, ಆಮೇಲೆ ಒಂದು ದಿನ, ಎರಡು ದಿನ, ಮೂರು ದಿನ ತುಂಬಿದಾಗ ಒಂದೊಂದು ಸಲ ದೀಪ ಹಿಡಿದು ನೋಡಬೇಕು. ಕಣ್ಣಿನ ಮುಂದಿನ ಗಾಜಿನಂಥ ಪದರ, ಅಂದರೆ ಕಾರ್ನಿಯಾ, ಮಸುಕಾಗಿದ್ದರೆ ಎಷ್ಟು ಮಸುಕು ಎಂಬುದಕ್ಕೆ ಅಂಕ ಬರೆಯಬೇಕು. ಏನೂ ಆಗಿಲ್ಲದಿದ್ದರೆ ಸೊನ್ನೆ. ಹದಿಮೂರು ವರ್ಷ ಇದನ್ನೇ ಮಾಡಿ ನನಗೆ ಸೊನ್ನೆಯ ಮೇಲೆ ಪ್ರೀತಿಯೇ ಬೆಳೆದಿತ್ತು. ಮೊಲಕ್ಕೂ ಸುಖ, ನನಗೂ ಸುಖ.

ಹೋದ ಬೇಸಿಗೆಯ ಕೊನೆಯಲ್ಲಿ ಒಂದು ಕಡತ ಬಂತು. ಪ್ರಾಣಿಗಳ ಮೇಲೆ ಪ್ರಯೋಗ ಮಾಡದೆ ವಿಷ ಪರೀಕ್ಷಿಸುವ ದಾರಿ ಹುಡುಕಿದ ವಿಜ್ಞಾನಿಗಳಿಗೆ ಮನ್ನಣೆ ಕೊಡುವ ಸಮಿತಿಯೊಂದಿದೆ. ವಿಜಯವಾಡದ ಒಂದು ಫಾರ್ಮಸಿ ಕಾಲೇಜಿನ ಉಪನ್ಯಾಸಕಿಯೊಬ್ಬರು ಆ ಮನ್ನಣೆಗೆ ಅರ್ಜಿ ಹಾಕಿದ್ದರು. ಮೊಲದ ಕಣ್ಣಿನ ಬದಲು ಕೋಳಿಯ ಕಣ್ಣು. ಅದೂ ಅಂಗಡಿಯಲ್ಲಿ ಮಾಂಸಕ್ಕೆಂದು ಕೊಯ್ದ ಕೋಳಿಯ ತಲೆಯಿಂದ ತೆಗೆದದ್ದು. ಹೊರದೇಶಗಳಲ್ಲಿ ಒಪ್ಪಿದ ವಿಧಾನವೇ. ಆದರೆ ಅಲ್ಲಿನ ದುಬಾರಿ ಉಪಕರಣವಿಲ್ಲದೆ, ಇಲ್ಲಿಯ ಲೇತ್ ಯಂತ್ರದಲ್ಲಿ ಕಡೆದ ಭಾಗಗಳಿಂದ, ಇಲ್ಲಿಯ ಸೆಕೆಯಲ್ಲಿ ಅದನ್ನು ನಡೆಸಿ ತೋರಿಸಿದ್ದೇನೆ ಎಂಬುದು ಅವರ ವಾದ. ‘ಮೊಲದ ಕಣ್ಣಿನ ಅನುಭವ ನಿಮಗಿದೆ, ಹೋಗಿ ಪರಿಶೀಲಿಸಿ’ ಎಂದು ಸಮಿತಿ ನನಗೆ ಬರೆದಿತ್ತು.

ನಾನು ನಕ್ಕುಬಿಟ್ಟೆ. ಕೋಳಿ ಕಣ್ಣಂತೆ!

ನಕ್ಕರೂ ಕೆಲಸವನ್ನು ಕ್ರಮವಾಗಿಯೇ ಮಾಡಿದೆ. ಹಿಂದೆ ನಮ್ಮಲ್ಲಿ ಮೊಲಗಳ ಮೇಲೆ ಪರೀಕ್ಷೆಯಾಗಿ ಫಲಿತಾಂಶ ಕಡತದಲ್ಲಿರುವ ಹತ್ತು ರಾಸಾಯನಿಕಗಳನ್ನು ಆರಿಸಿ, ಅವುಗಳ ಹೊಸ ಮಾದರಿ ತರಿಸಿ ಸಣ್ಣ ಬಾಟಲಿಗಳಿಗೆ ತುಂಬಿದೆ. ಮೇಲೆ ಬರೀ ನಂಬರು. ಯಾವ ನಂಬರು ಯಾವುದು ಎಂಬ ಪಟ್ಟಿ ನನ್ನ ಚೀಲದಲ್ಲಿ, ಮುಚ್ಚಿದ ಲಕೋಟೆಯಲ್ಲಿ. ಹತ್ತಕ್ಕೆ ಎಂಟಾದರೂ ಮೊಲದ ಫಲಿತಾಂಶಕ್ಕೆ ಹೊಂದಬೇಕು ಮತ್ತು ಕೇಡಿಲ್ಲದ್ದನ್ನು ಕೇಡು ಎಂದು ಒಂದು ಸಲವೂ ಹೇಳಬಾರದು ಎಂಬುದು ಸಮಿತಿಯ ನಿಯಮ. ಅದಕ್ಕೇ ಏಳನೆಯದಾಗಿ ಪಕ್ಕಾ ಸೊನ್ನೆಯೊಂದನ್ನು ಇಟ್ಟೆ. ಎಂಜಿನ್ನಿನ ಗ್ರೀಸ್ ತೊಳೆಯುವ ದ್ರಾವಣ. ಎಂಟು ವರ್ಷದ ಹಿಂದೆ ನಾನೇ ಪರೀಕ್ಷಿಸಿದ್ದೆ. ಮೂರೂ ಮೊಲಕ್ಕೆ, ನಾಲ್ಕೂ ಸಲ, ಸೊನ್ನೆ.

ಬಾಟಲಿಗಳ ಡಬ್ಬವನ್ನು ಆಟೋವರೆಗೆ ತಂದುಕೊಟ್ಟವರು ತಾತ. ನಮ್ಮಲ್ಲಿ ಮೊಲಗಳಿಗೆ ಮೇವು ನೀರು ಹಾಕಿ ಗೂಡು ತೊಳೆಯುವ ಹಿರಿಯರು ಅವರು. ನಿರ್ದೇಶಕರಿಂದ ಹಿಡಿದು ಗೇಟಿನವರೆಗೆ ಎಲ್ಲರಿಗೂ ತಾತ. ಹಬ್ಬಕ್ಕೂ ರಜೆ ಹಾಕುವವರಲ್ಲ. ‘ಮೊಲಗಳಿಗೆ ಹಸಿವಿನ ರಜೆ ಇರುತ್ತದಾ ಮೇಡಂ ಗಾರೂ?’ ಎಂದು ತೆಲುಗಿನಲ್ಲಿ ಕೇಳುತ್ತಾರೆ. ಕೋಳಿ ಕಣ್ಣಿನ ವಿಷಯ ಹೇಳಿದಾಗ ಅವರು ನಗಲಿಲ್ಲ. ‘ಅದು ನಡೆದರೆ ಒಳ್ಳೇದು’ ಎಂದಷ್ಟೇ ಹೇಳಿ ಒಳಗೆ ಹೋದರು.

ವಿಜಯವಾಡದಲ್ಲಿ ಇಳಿದಾಗ ಮುಖಕ್ಕೆ ಒಲೆಯ ಝಳ ಹೊಡೆದಂತಾಯಿತು. ಉಪನ್ಯಾಸಕಿಯೇ ಬಂದಿದ್ದರು. ನಲವತ್ತರ ಆಸುಪಾಸು, ಹತ್ತಿ ಸೀರೆ, ಕಾಲಿಗೆ ಬೂಟು. ಇಂಗ್ಲಿಷಿನಲ್ಲಿ ಮಾತು ಶುರುವಾಯಿತು. ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ‘ಹ್ಞೂಂ ಅವ್ವಾ, ಉಂಡೀನಿ. ಅವ್ರು ಬಂದಾರ, ಆಮ್ಯಾಲ ಮಾತಾಡ್ತೀನಿ’ ಎಂದರು. ಕೇಳಿದರೆ ಬಳ್ಳಾರಿಯವರು! ನಾನು ಧಾರವಾಡದವಳು. ಎಂಥ ಫಜೀತಿ ನೋಡಿ, ಪರಿಶೀಲನೆಗೆ ಬಂದವಳು ಊರ ಕಡೆಯವಳು ಎಂದು ಸಡಿಲ ಬಿಟ್ಟಳು ಎಂಬ ಮಾತು ಬರಬಾರದು. ಹಾಗಾಗಿ ಮುಖ ಇನ್ನಷ್ಟು ಬಿಗಿ ಮಾಡಿಕೊಂಡೆ.

‘ಚಾ ಕುಡೀತೀರೇನ್ರಿ ಮೇಡಂ?’ ಎಂದರು.

‘ಕೆಲಸ ಮುಗದ ಮ್ಯಾಲ ನೋಡೋಣ್ರಿ’ ಎಂದೆ.

ಅವರ ಪ್ರಯೋಗಾಲಯ ಎಂದರೆ ಕಾಲೇಜಿನ ಹಿಂಬದಿಯ ಒಂದೇ ಕೋಣೆ. ಗಾಜಿನ ಸಣ್ಣ ಸಣ್ಣ ಕೋಶಗಳು ಸಾಲಾಗಿದ್ದವು. ಪ್ರತಿ ಕೋಶದಲ್ಲೂ ಕಣ್ಣನ್ನು ಮೆಲ್ಲಗೆ ಹಿಡಿದುಕೊಳ್ಳುವ ಉಕ್ಕಿನ ಹಿಡಿಕೆ. ಮೇಲಿನಿಂದ ಬೆಚ್ಚನೆಯ ಉಪ್ಪುನೀರು ಹನಿಹನಿಯಾಗಿ ಕಣ್ಣಿನ ಮೇಲೆ ಇಳಿಯುತ್ತಿತ್ತು, ಕಣ್ಣು ಜೀವಂತವಿದ್ದಾಗಿನ ಹಸಿಯಲ್ಲೇ ಇರಲೆಂದು. ಹಿಡಿಕೆಗಳನ್ನು ಗ್ಯಾರೇಜುಗಳ ಬಡಾವಣೆಯಾದ ಆಟೋನಗರದ ಲೇತ್ ಮೇಸ್ತ್ರಿಯೊಬ್ಬರು ಮಾಡಿಕೊಟ್ಟದ್ದಂತೆ. ಬಾಗಿಲ ಮೇಲೆ ಪ್ರಾಂಶುಪಾಲರ ನೋಟಿಸು ಅಂಟಿತ್ತು: ಈ ವರ್ಷ ಸಮಿತಿಯ ಮನ್ನಣೆ ಬಾರದಿದ್ದರೆ ಕೋಣೆಯನ್ನು ಕಂಪ್ಯೂಟರ್ ತರಗತಿಗೆ ಬಿಟ್ಟುಕೊಡಬೇಕು. ನಾನು ಓದುವುದನ್ನು ಅವರು ನೋಡಿದರು. ‘ಆರು ವರ್ಷದ ಕೆಲಸ ರೀ’ ಎಂದರು.

ಮೊದಲ ದಿನವೇ ಕೈಕೊಟ್ಟಿತು. ಹಳೆಯ ಪೇಟೆ ಒನ್ ಟೌನಿನ ಕೋಳಿ ಅಂಗಡಿಯಿಂದ ತಲೆಗಳನ್ನು ಒದ್ದೆ ಬಟ್ಟೆ ಹಾಸಿದ ಡಬ್ಬದಲ್ಲಿ ಅವರೇ ಸ್ಕೂಟರಿನಲ್ಲಿ ತರುತ್ತಿದ್ದರು. ಮಂಜುಗಡ್ಡೆಯಲ್ಲಿ ಇಡುವಂತಿಲ್ಲ, ಕಾರ್ನಿಯಾ ಕೆಡುತ್ತದೆ. ಕೊಯ್ದ ಎರಡು ಗಂಟೆಯೊಳಗೆ ಕಣ್ಣು ಕೋಶದಲ್ಲಿರಬೇಕು. ಅಂದು ಬೆಂಜ್ ಸರ್ಕಲ್ಲಿನಲ್ಲಿ ಲಾರಿಯೊಂದು ಅಡ್ಡ ನಿಂತು ರಸ್ತೆಯೇ ಕಟ್ಟಿಹೋಗಿತ್ತು. ಬೆವರು ಸುರಿಸುತ್ತ ಅವರು ಒಳಗೆ ಬಂದು ಗಡಿಯಾರ ನೋಡಿದರು. ಪುಸ್ತಕ ತೆರೆದು ಸಮಯ ಬರೆದರು. ಲೆಕ್ಕ ಹಾಕಿದರೆ ಎರಡು ಗಂಟೆಯ ಮೇಲೆ ಹತ್ತು ನಿಮಿಷ. ಮುಚ್ಚಳವನ್ನೂ ತೆಗೆಯದೆ ಡಬ್ಬವನ್ನು ಕಸದ ಕಡೆಗೆ ಇಟ್ಟರು.

ನನಗೇ ತಡೆಯಲಿಲ್ಲ. ‘ಹತ್ತು ನಿಮಿಷ ಅಲ್ರೀ? ಕಣ್ಣು ಚೊಲೋ ಇದ್ರ ನಡೀತದ, ನೋಡ್ರಲಾ’ ಎಂದೆ.

‘ಟೈಮು ಬರದ್ಬಿಟ್ಟೀನಲ್ರೀ ಮೇಡಂ. ಬರದ ಮ್ಯಾಲ ಮುಗೀತು.’

ಹುಚ್ಚಿ ಇದ್ದಾಳೆ ಅಂದುಕೊಂಡೆ. ಆದರೆ ಆ ಸಂಜೆ ಅವರು ಕೊಟ್ಟ ಚಹಾ ಕುಡಿದೆ.

ಮರುದಿನದಿಂದ ಕೆಲಸ ಸಾಗಿತು. ಪ್ರತಿ ಕಣ್ಣಿಗೂ ಮೊದಲು ಹಸಿರು ಬಣ್ಣದ ಒಂದು ಹನಿ ಹಾಕಿ ತೊಳೆದು ನೋಡುವುದು. ಬಣ್ಣ ಎಲ್ಲಾದರೂ ಹಿಡಿದುಕೊಂಡರೆ ಅಲ್ಲಿ ಮೊದಲೇ ಗಾಯವಿದೆ ಎಂದರ್ಥ, ಆ ಕಣ್ಣು ಬೇಡ. ಒಳ್ಳೆಯದನ್ನು ಕೋಶದಲ್ಲಿ ಮುಕ್ಕಾಲು ಗಂಟೆ ನೆಮ್ಮದಿಯಾಗಿ ಬಿಟ್ಟು ಕಾರ್ನಿಯಾದ ದಪ್ಪ ಅಳೆಯುವುದು. ಆಮೇಲೆ ಪರೀಕ್ಷೆಯ ದ್ರವ, ಬರೀ ಹತ್ತು ಸೆಕೆಂಡು. ತೊಳೆದು ಮತ್ತೆ ಕೋಶಕ್ಕೆ. ಮುಂದಿನ ನಾಲ್ಕು ಗಂಟೆಯಲ್ಲಿ ಐದು ಸಲ ಅಳತೆ: ಎಷ್ಟು ಊದಿತು, ಎಷ್ಟು ಮಸುಕಾಯಿತು, ಬಣ್ಣ ಹಿಡಿಯಿತೇ. ಒಂದೊಂದು ನಂಬರಿಗೆ ಮೂರು ಕಣ್ಣು, ಪಕ್ಕದಲ್ಲಿ ಬರೀ ಉಪ್ಪುನೀರು ಹಾಕಿದ ಒಂದು ಕಣ್ಣು. ಒಂದರಿಂದ ಆರರವರೆಗೆ ನನ್ನ ಮೊಲಗಳು ಹೇಳಿದ್ದನ್ನೇ ಕೋಳಿಗಳೂ ಹೇಳಿದವು. ನನ್ನ ನಗು ಎಲ್ಲೋ ಕಳೆದುಹೋಗಿತ್ತು. ಆಗಲೇ ಅವರು ನನ್ನನ್ನು ‘ಅಕ್ಕಾ’ ಎನ್ನತೊಡಗಿದ್ದರು. ನಾನೂ ಬೇಡ ಎನ್ನಲಿಲ್ಲ.

ಏಳನೆಯ ಬಾಟಲಿ. ಅರ್ಧ ಗಂಟೆಗೆ ಏನೂ ಇಲ್ಲ. ನಾನು ಆರಾಮಾಗಿ ಕೂತಿದ್ದೆ. ಎರಡು ಗಂಟೆಗೆ ದಪ್ಪ ಸ್ವಲ್ಪ ಏರಿತ್ತು. ಮೂರು ಗಂಟೆಗೆ ಇನ್ನೂ ಏರಿತು. ನಾಲ್ಕನೆಯ ಗಂಟೆಗೆ ನಾನೇ ದೀಪದಡಿ ಕಣ್ಣಿಟ್ಟು ನೋಡಿದೆ. ಮೂರೂ ಕಾರ್ನಿಯಾ ಗಂಜಿಯ ತೆಳಿ ಬಳಿದಂತೆ ಬೆಳ್ಳಗಾಗಿದ್ದವು. ಪಕ್ಕದಲ್ಲಿದ್ದ ಉಪ್ಪುನೀರಿನ ಕಣ್ಣು ಮಾತ್ರ ಥಳಥಳ ಹೊಳೆಯುತ್ತಿತ್ತು.

‘ಇದು ತಪ್ಪು!’ ಎಂದು ಬಾಯಿಂದ ಬಂದೇಬಿಟ್ಟಿತು.

ಪರಿಶೀಲಕಿ ಆಡಬಾರದ ಮಾತು ಅದು. ಆಡಿಯಾಗಿತ್ತು. ‘ಮತ್ತ ಮಾಡೋಣ್ರಿ’ ಎಂದೆ. ಮರುದಿನ ಹೊಸ ಕಣ್ಣುಗಳ ಮೇಲೆ ಮತ್ತೆ ಮಾಡಿದೆವು. ಅದೇ. ಹಿಡಿಕೆಗಳನ್ನು ಅದಲುಬದಲು ಮಾಡಿಸಿದೆ. ಉಪ್ಪುನೀರಿನ ಕಣ್ಣಿದ್ದ ಹಿಡಿಕೆಗೆ ಏಳನೆಯದು, ಏಳರ ಹಿಡಿಕೆಗೆ ಉಪ್ಪುನೀರು. ಮತ್ತೂ ಅದೇ. ಉಳಿದ ಮೂರು ಬಾಟಲಿಗಳು ಮಾತ್ರ ಲಕ್ಷಣವಾಗಿ ಹೊಂದಿಕೊಂಡವು. ಹತ್ತಕ್ಕೆ ಒಂಬತ್ತು. ಆದರೆ ಕೇಡಿಲ್ಲದ್ದನ್ನು ಕೇಡು ಎಂದಿದೆ. ನಿಯಮದ ಪ್ರಕಾರ ಅರ್ಜಿ ಅಲ್ಲಿಗೇ ಬಿತ್ತು.

‘ಮೊಲದಾಗ ಇದು ಸೊನ್ನೆ ಐತವಾ’ ಎಂದೆ. ಹೇಳುವಾಗ ನನಗೇ ಸಂಕಟವಾಯಿತು.

ಅವರು ಬಾಗಿಲ ಮೇಲಿನ ನೋಟಿಸನ್ನು ನೋಡಿ, ‘ಹಂಗಂದ್ರ ಮೊಲದ್ದಽ ತಪ್ಪಿರಬೇಕು ಅಕ್ಕಾ’ ಎಂದರು.

ನನಗೆ ಉರಿದುಹೋಯಿತು. ಹದಿಮೂರು ವರ್ಷ ಇದನ್ನೇ ಮಾಡಿದವಳಿಗೆ ಕೋಳಿ ತಲೆ ತರುವವಳು ಹೇಳುವುದೇ? ‘ಹಿಡಿಕಿ ಮಾಡೂವಾಗ ಏನರ ಎಣ್ಣಿ, ಪುಡಿ ಉಳದಿರಬೇಕು. ಮಾಡೋ ಜಾಗಾನ ತೋರಸ್ರಿ’ ಎಂದೆ. ತಾನು ಕಳ್ಳ, ಪರರ ನಂಬ ಎನ್ನುತ್ತಾರಲ್ಲ, ಆ ಗಾದೆ ನನ್ನ ತಲೆಯಲ್ಲಿ ಆಗ ಹೊಳೆಯಬೇಕಿತ್ತು.

ಆಟೋನಗರಕ್ಕೆ ಹೋದೆವು. ಬಿಚ್ಚಿದ ಎಂಜಿನ್ನುಗಳು, ಸುತ್ತಿಗೆಯ ಸದ್ದು, ಕಬ್ಬಿಣ ಕೊರೆಯುವ ಕಿರ್ರೆನ್ನುವ ಸದ್ದು. ಪಕ್ಕದವರ ಮಾತು ಕೇಳಿಸಬೇಕಾದರೆ ಕಿವಿಗೆ ಬಾಯಿ ಹಚ್ಚಬೇಕು. ಲೇತ್ ಮೇಸ್ತ್ರಿ ಐವತ್ತು ದಾಟಿದವರು, ಉಪನ್ಯಾಸಕಿಯನ್ನು ಕಂಡವರೇ ಕೈ ಮುಗಿದು ಸ್ಟೂಲು ಎಳೆದರು. ನಾನು ಕೇಳಿದಂತೆ ಒಂದು ಹಿಡಿಕೆಯನ್ನು ಲೇತಿನಲ್ಲಿ ಕಡೆದು ತೋರಿಸಿದರು. ಮುಗಿದ ಮೇಲೆ ಅದರ ಎಣ್ಣೆ ಹೋಗಲೆಂದು ಒಂದು ತಗಡಿನ ತಟ್ಟೆಯಲ್ಲಿ ಅದ್ದಿದರು. ಪಕ್ಕದ ಗ್ಯಾರೇಜಿನ ಇಬ್ಬರು ಮೆಕ್ಯಾನಿಕ್ಕುಗಳು ಅದೇ ತಟ್ಟೆಯಲ್ಲಿ ಬರಿಗೈ ಮುಳುಗಿಸಿ ಗೇರಿನ ಚಕ್ರ ಉಜ್ಜುತ್ತಿದ್ದರು. ಒಬ್ಬ ಬೆವರನ್ನು ಮುಂಗೈಯಿಂದ ಹಣೆ ಕಣ್ಣು ಸೇರಿಸಿ ಒರೆಸಿಕೊಂಡ.

ತಟ್ಟೆಯ ಪಕ್ಕದಲ್ಲಿ ನೀಲಿ ಡಬ್ಬ. ಅದರ ಮೇಲಿನ ಹೆಸರು ಓದಿದೆ. ಲಕೋಟೆಯನ್ನು ತೆರೆದು ನೋಡುವ ಅಗತ್ಯವೇ ಇರಲಿಲ್ಲ. ಅದು ನನ್ನ ಏಳನೇ ನಂಬರು.

ಮೊದಲು ಹೊಳೆದದ್ದು ನನಗೆ ಅನುಕೂಲವಾದ ವಿಚಾರವೇ: ನೋಡು, ಹಿಡಿಕೆಗೆ ಅದೇ ಅಂಟಿದೆ. ಆದರೆ ಹಾಗಿದ್ದರೆ ಉಪ್ಪುನೀರಿನ ಕಣ್ಣೂ ಕೆಡಬೇಕಿತ್ತಲ್ಲ? ಸುಮ್ಮನಿರಲಾರದೆ ಮೇಸ್ತ್ರಿಯನ್ನು ನನ್ನ ಮುರುಕು ತೆಲುಗಿನಲ್ಲಿ ಕೇಳಿದೆ, ಇದು ಕಣ್ಣಿಗೆ ಬಿದ್ದರೆ ಏನೂ ಆಗುವುದಿಲ್ಲವೇ ಎಂದು.

‘ಬಿದ್ದಾಗ ಏನೂ ಅನ್ನಿಸಲ್ಲಮ್ಮಾ’ ಎಂದರು ಅವರು. ‘ಸಂಜೆ ಮನೆಗೆ ಹೋದಮೇಲೆ ಕಣ್ಣಲ್ಲಿ ಮರಳು ಬಿದ್ದ ಹಾಗಾಗುತ್ತೆ. ಮಾರನೇ ದಿನ ಎಲ್ಲಾ ಮಂಜು ಮಂಜು. ಎದುರಿನ ಗ್ಯಾರೇಜಿನವನಿಗೆ ಒಂದು ಕಣ್ಣು ಇನ್ನೂ ತಿಳಿಯಾಗಿಲ್ಲ. ಇಲ್ಲಿ ಎಲ್ಲರಿಗೂ ಗೊತ್ತಿರೋದೇ.’

‘ಡಬ್ಬದ ಮೇಲೆ ಹಾಗೇನೂ ಬರೆದಿಲ್ಲವಲ್ಲ?’

‘ಡಬ್ಬದ ಮೇಲೆ ಬರೆಯೋರು ಓದಿದೋರಮ್ಮಾ. ಅವರಿಗೆ ಸರಿಯಾಗಿ ಗೊತ್ತಿರುತ್ತೆ ಅಂತ ಬಿಟ್ಟುಬಿಟ್ಟೆವು.’

ಡಬ್ಬದ ಮೇಲೆ ‘ಕಣ್ಣಿಗೆ ಅಪಾಯವಿಲ್ಲ’ ಎಂದಿತ್ತು. ಅದನ್ನು ಬರೆಯಲು ಆಧಾರವಾದದ್ದು ನನ್ನ ವರದಿ. ಉಪನ್ಯಾಸಕಿ ಡಬ್ಬವನ್ನೂ ನನ್ನನ್ನೂ ನೋಡಿ, ‘ಏನಾತು ಅಕ್ಕಾ?’ ಎಂದರು. ಏನೂ ಇಲ್ಲ ಎಂದು ಹೇಳಿ ಅಂದೇ ರೈಲು ಹತ್ತಿದೆ.

ಮರುದಿನ ಬೆಳಿಗ್ಗೆ ನಮ್ಮ ದಾಖಲೆ ಕೋಣೆಯಲ್ಲಿ ಆ ಕಡತ ತೆಗೆಸಿದೆ. ಎಂಟು ವರ್ಷದ ಧೂಳು. ಮೂರು ಮೊಲ, ನಾಲ್ಕು ಸಲ, ಹನ್ನೆರಡು ಸೊನ್ನೆ. ಒಂದು ಗಂಟೆಯ ಮೂರು ಸೊನ್ನೆಗಳು ಒಂದು ಪೆನ್ನಿನವು. ಉಳಿದ ಒಂಬತ್ತು ಬೇರೆ ಪೆನ್ನಿನವು. ಒಂದೇ ಶಾಯಿ, ಒಂದೇ ವಾಲು, ಒಂದೇ ಉಸಿರಿನಲ್ಲಿ ಬರೆದಂತೆ. ಮೂರು ಬೇರೆ ಬೇರೆ ದಿನ ಬರೆದ ಅಂಕಗಳು ಹಾಗಿರುವುದಿಲ್ಲ. ಕೆಳಗೆ ನನ್ನ ಸಹಿ. ಆ ಒಂಬತ್ತರ ಎಡಬದಿಯ ತಾರೀಕುಗಳನ್ನು ನೋಡಿದೆ: ಭೋಗಿ, ಸಂಕ್ರಾಂತಿ, ಕನುಮ, ಇಲ್ಲಿಯ ಹಬ್ಬದ ಮೂರೂ ದಿನ.

ಆ ಮೂರು ದಿನ ನಾನು ವಿಶಾಖಪಟ್ಟಣದಲ್ಲೇ ಇರಲಿಲ್ಲ. ಧಾರವಾಡದಲ್ಲಿ ತವರುಮನೆಯಲ್ಲಿ ಕೂತು ಸಜ್ಜೆ ರೊಟ್ಟಿ ತಿನ್ನುತ್ತಿದ್ದೆ.

ಮರೆತಿದ್ದೆ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ನಿಜವಾಗಿ ಮರೆತಿದ್ದೆ. ಈಗ ಒಂದೊಂದಾಗಿ ನೆನಪಾಯಿತು. ಸಂಕ್ರಾಂತಿಗೆ ಇಲ್ಲಿ ಊರಿಗೆ ಊರೇ ಖಾಲಿಯಾಗುತ್ತದೆ. ಹಬ್ಬದ ಮುಂಚೆ ಪರೀಕ್ಷೆ ಶುರು ಮಾಡಲೇಬೇಕಾದರೆ ‘ಸಾಧು’ ರಾಸಾಯನಿಕವನ್ನೇ ಎತ್ತಿಕೊಳ್ಳುವುದು ನಮ್ಮಲ್ಲಿ ರೂಢಿ. ಒಂದು ಗಂಟೆಗೆ ಏನೂ ಆಗದ್ದು ಆಮೇಲೂ ಆಗುವುದಿಲ್ಲ ಎಂಬುದೂ ನಮ್ಮ ನಡುವಿನ ಮಾತು. ಯಾವ ಪುಸ್ತಕದಲ್ಲೂ ಇಲ್ಲದ್ದು. ಒಂದು ಗಂಟೆಯ ಸೊನ್ನೆ ಬರೆದು, ರೈಲಿಗೆ ಹೊತ್ತಾಯಿತೆಂದು ಮುಂದಿನ ಮೂರು ದಿನದ ಸೊನ್ನೆಗಳನ್ನೂ ಪೆನ್ನು ಬದಲಿಸಿ ಅಲ್ಲೇ ನಿಂತು ತುಂಬಿದವಳು ನಾನು. ಇನ್ನೂ ಬಾರದ ದಿನಗಳ ಕಣ್ಣನ್ನು ನಾನು ನೋಡಿಬಿಟ್ಟಿದ್ದೆ! ತಿರುಗಿ ಬರುವಷ್ಟರಲ್ಲಿ ಪರೀಕ್ಷೆ ಮುಗಿದು, ನಿಯಮದಂತೆ ಮೊಲಗಳನ್ನು ಕೊನೆಗಾಣಿಸಿ, ಗೂಡು ತೊಳೆದಾಗಿತ್ತು.

ಪ್ರಾಣಿಶಾಲೆಗೆ ಓಡಿದೆ. ತಾತ ಮೇವು ಅಳೆಯುತ್ತಿದ್ದರು. ಅವರ ಹತ್ತಿರ ಒಂದು ಮೇವಿನ ಪುಸ್ತಕವಿರುತ್ತದೆ, ಯಾವ ಗೂಡಿಗೆ ಎಷ್ಟು ಹಾಕಿದೆ, ಎಷ್ಟು ಉಳಿಯಿತು ಎಂದು ತೆಲುಗಿನಲ್ಲಿ ಬರೆದಿಡುತ್ತಾರೆ. ಗುಣಮಟ್ಟ ತಪಾಸಣೆಗೆ ಬಂದವರು ಯಾರೂ ಅದನ್ನು ಕೈಯಲ್ಲಿ ಹಿಡಿದವರಲ್ಲ. ಅವರಿಗೆ ಇಂಗ್ಲಿಷಿನ ನಮೂನೆಗಳು ಸಾಕು. ಆ ವರ್ಷದ ಪುಸ್ತಕ ಕೇಳಿದೆ. ಏಕೆಂದು ಕೇಳದೆ ಕಪಾಟಿನ ತಳದಿಂದ ತೆಗೆದುಕೊಟ್ಟರು.

ತೆಲುಗು ಲಿಪಿ ಕನ್ನಡದವರಿಗೆ ಎಷ್ಟರ ದೂರ? ಅಕ್ಷರ ಕೂಡಿಸಿಕೊಂಡು ಓದಿದೆ. ಭೋಗಿ: ‘ಎರಡನೇ ಮೊಲ, ಎಡಗಣ್ಣು ಮುಚ್ಚಿಕೊಂಡಿದೆ.’ ಸಂಕ್ರಾಂತಿ: ‘ಮೂರಕ್ಕೂ ಎಡಗಣ್ಣು ಬೆಳ್ಳಗೆ. ಮೇವು ಮುಟ್ಟಿಲ್ಲ.’ ಕನುಮ: ‘ಎರಡನೆಯದು ಗೋಡೆಗೆ ಮುಖ ಮಾಡಿ ಕೂತಿದೆ. ಬೆಲ್ಲದ ನೀರು ಕೊಟ್ಟೆ, ಕುಡಿಯಲಿಲ್ಲ.’ ಇಲ್ಲಿಯ ಜನ ದನಕರುಗಳಿಗೆ ಅರಿಸಿನ ಕುಂಕುಮ ಹಚ್ಚಿ ಕೈ ಮುಗಿಯುವ ದಿನ ಕನುಮ. ಅಂದು ತಾತ ಒಬ್ಬರೇ ಈ ಕಟ್ಟಡದಲ್ಲಿ ಆ ಮೊಲದ ಮುಂದೆ ಕೂತಿದ್ದರು.

‘ತಾತಾ, ನೀವು ನನಗೆ ಯಾಕೆ ಹೇಳಲಿಲ್ಲ?’ ಪುಸ್ತಕ ಹಿಡಿದುಕೊಂಡೇ ಕೇಳಿದೆ.

ಅವರು ಮೇವಿನ ಅಳತೆ ಕೆಳಗಿಟ್ಟರು. ‘ಹೇಳೋಕೆ ಬಂದಿದ್ದೆ ಮೇಡಂ ಗಾರೂ. ನೀವು ಊರಿಂದ ಬಂದ ದಿನ. ಎರಡನೇದರ ಕಣ್ಣು ಅಂತ ಶುರು ಮಾಡಿದೆ. ನೀವು ನನ್ನ ಕೈಗೆ ಎಳ್ಳು ಬೆಲ್ಲ ಹಾಕಿದಿರಿ. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಬೇಕು ತಾತಾ, ನಮ್ಮ ಕಡೆ ಪದ್ಧತಿ ಅಂದಿರಿ.’ ಅಂಗೈ ಒರೆಸಿಕೊಂಡು ಹೇಳಿದರು: ‘ಅದು ಒಳ್ಳೇ ಮಾತಾಗಿರಲಿಲ್ಲ. ಅದಕ್ಕೇ ಆಡಲಿಲ್ಲ.’

ನಾನು ಅಲ್ಲೇ ಮೇವಿನ ಚೀಲದ ಮೇಲೆ ಕೂತೆ. ಅಯ್ಯೋ ದೇವರೇ! ಎಂಟು ವರ್ಷದಿಂದ ನನ್ನ ಮಾತಿಗೆ ಮರ್ಯಾದೆ ಕೊಟ್ಟು ಆ ಮನುಷ್ಯ ಬಾಯಿ ಮುಚ್ಚಿಕೊಂಡಿದ್ದರು. ಎಂಟು ವರ್ಷದಿಂದ ಆಟೋನಗರದಲ್ಲಿ ಜನ ಆ ಡಬ್ಬವನ್ನು ನಂಬಿದ್ದರು. ಅತ್ತೆನೋ ಇಲ್ಲವೋ ನೆನಪಿಲ್ಲ. ತಾತ ನೀರು ತಂದುಕೊಟ್ಟದ್ದು ನೆನಪಿದೆ.

ನಿರ್ದೇಶಕರಿಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದು ಬಾಗಿಲು ಹಾಕಿದರು. ಆಮೇಲೆ ಬಹಳ ಮೃದುವಾಗಿ ಒಂದು ದಾರಿ ತೋರಿಸಿದರು. ಏಳನೇ ಬಾಟಲಿ ಪ್ರಯಾಣದ ಸೆಕೆಯಲ್ಲಿ ಕೆಟ್ಟಿತ್ತು ಎಂದು ಬರೆಯಿರಿ. ಅದನ್ನು ಬಿಟ್ಟು ಒಂಬತ್ತಕ್ಕೆ ಒಂಬತ್ತು ಎನ್ನಿ. ಆ ಹೆಣ್ಣುಮಗಳಿಗೆ ಮನ್ನಣೆ ಸಿಗುತ್ತದೆ, ನಿಮ್ಮ ಹೆಸರು ಉಳಿಯುತ್ತದೆ, ನಮ್ಮ ಪ್ರಯೋಗಾಲಯವೂ ಉಳಿಯುತ್ತದೆ. ‘ಎಲ್ಲರಿಗೂ ಒಳ್ಳೆಯದೇ ಅಲ್ಲವೇ?’ ಎಂದರು.

ಒಳ್ಳೆಯದೇ! ನನ್ನ ಮನಸ್ಸು ಆ ಕಡೆ ವಾಲಿತು ಎಂಬುದನ್ನು ಮುಚ್ಚಿಡುವುದಿಲ್ಲ. ಸತ್ಯ ಬರೆದರೆ ನಾನು ಕೆಲಸ ಕಳೆದುಕೊಳ್ಳಬಹುದು. ಅದಕ್ಕಿಂತ ಮಿಗಿಲಾಗಿ, ಪರಿಶೀಲಕಿಯೇ ಸುಳ್ಳು ಬರೆದವಳು ಎಂದಾದರೆ ಇಡೀ ಪರಿಶೀಲನೆಯೇ ರದ್ದಾಗಿ, ಆರು ವರ್ಷ ದುಡಿದವರ ಕೋಣೆ ಹೋಗಬಹುದು. ಇದೊಂದು ನೆಪ ನನಗೆ ಚೆನ್ನಾಗಿ ಸಿಕ್ಕಿತ್ತು, ಅವರಿಗಾಗಿ ಸುಮ್ಮನಿದ್ದೆ ಎನ್ನಲು. ಹಾಗಾದರೆ ಅವರನ್ನೇ ಕೇಳೋಣ ಎಂದು ಫೋನು ಮಾಡಿದೆ. ಎಲ್ಲವನ್ನೂ ಹೇಳಿದೆ: ಶಾಯಿ, ಹಬ್ಬ, ತಾತ, ನಿರ್ದೇಶಕರ ಉಪಾಯ.



‘ಹತ್ತು ಬಾಟ್ಲಿ ಅಂತ ಬರದ್ರಲ್ರೀ ಮೇಡಂ’ ಎಂದರು. ಅಕ್ಕ ಹೋಗಿ ಮೇಡಂ ಬಂದಿದ್ದಳು. ‘ಬರದ ಮ್ಯಾಲ ಮುಗೀತು. ಒಂಬತ್ತು ಹೆಂಗಾಗ್ತದ?’

‘ನಿಮ್ಮ ಖೋಲಿ ಹೋದೀತವಾ.’

‘ಹೋಗ್ಲಿ ಬಿಡ್ರಿ. ಆ ಮೇಸ್ತ್ರಿ ನನಗ ಹಿಡಿಕಿ ಮಾಡಿಕೊಟ್ಟಾನ. ನಾಳಿ ಅವನ ಮುಂದ ಹೋಗಿ ಹೆಂಗ ನಿಂದರ್ಲಿ?’ ಎಂದು ಫೋನು ಇಟ್ಟರು.

ಆ ಮಧ್ಯಾಹ್ನ ಕೂತು ವರದಿ ಬರೆದೆ. ಹತ್ತಕ್ಕೆ ಹತ್ತೂ ಬರೆದೆ. ಏಳನೆಯದರಲ್ಲಿ ಕೋಳಿಯ ಕಣ್ಣು ಸರಿ, ಮೊಲದ ದಾಖಲೆ ಸುಳ್ಳು, ಆ ಸುಳ್ಳು ಬರೆದವಳು ಈ ವರದಿಗೆ ಸಹಿ ಹಾಕುತ್ತಿರುವವಳೇ ಎಂದು ಬರೆದೆ. ತಾತನ ಪುಸ್ತಕದ ಪುಟಗಳ ಪ್ರತಿ ಲಗತ್ತಿಸಿದೆ, ಅವರ ಅನುಮತಿ ಕೇಳಿ. ಒಂದು ಪ್ರತಿ ಸಮಿತಿಗೆ, ಒಂದು ದ್ರಾವಣ ತಯಾರಿಸುವ ಕಂಪನಿಗೆ, ಒಂದು ನಮ್ಮ ಗುಣಮಟ್ಟ ವಿಭಾಗಕ್ಕೆ. ಕಳಿಸುವ ಗುಂಡಿ ಒತ್ತಿದೆ.

ಆಮೇಲಿನದನ್ನು ಸುಖವಾಗಿ ಹೇಳಲು ಬರುವುದಿಲ್ಲ. ನನ್ನ ಸಹಿಯ ಅಧಿಕಾರ ಹೋಯಿತು. ಹಬ್ಬದ ದಿನಗಳ ಹಳೆಯ ಕಡತಗಳನ್ನೆಲ್ಲ ತೆಗೆಸಿದರು. ಒಂದೇ ಉಸಿರಿನ ಸೊನ್ನೆಗಳು ಇನ್ನೂ ಎರಡು ಕಡೆ ಸಿಕ್ಕವು, ಒಂದು ನನ್ನದು, ಒಂದು ಬೇರೆಯವರದು. ಎರಡನೆಯದು ಸಿಕ್ಕಾಗ ನನಗೆ ಒಳಗೊಳಗೇ ಹಗುರವಾಯಿತು, ಆ ಹಗುರಕ್ಕೆ ಆಮೇಲೆ ನಾಚಿಕೆಯೂ ಆಯಿತು. ಕಂಪನಿಯವರು ಮೊದಲು ವಕೀಲರಿಂದ ಪತ್ರ ಬರೆಸಿದರು. ಆಮೇಲೆ ಮತ್ತೆ ಮೊಲಗಳ ಮೇಲೆ ನೋಡಿ ಎಂದು ಕೇಳಿದರು. ಪ್ರಯೋಗಕ್ಕೆ ಅನುಮತಿ ಕೊಡುವ ನಮ್ಮ ಪ್ರಾಣಿ ನೀತಿ ಸಮಿತಿ ಒಪ್ಪಲಿಲ್ಲ: ಕೋಳಿಯ ಕಣ್ಣು ಉತ್ತರ ಹೇಳಿದ ಮೇಲೆ ಮೊಲವನ್ನು ಕೇಳುವ ಕಾರಣವಿಲ್ಲ. ಮನ್ನಣೆಯ ಸಮಿತಿ ನನ್ನನ್ನು ಬಿಟ್ಟು ಬೇರೆ ಇಬ್ಬರನ್ನು ವಿಜಯವಾಡಕ್ಕೆ ಕಳಿಸಿತು. ಅವರು ಹತ್ತೂ ಬಾಟಲಿಗಳನ್ನು ಮೊದಲಿನಿಂದ ಮಾಡಿಸಿದರು. ಏಳನೆಯದು ನಾಲ್ಕನೇ ಗಂಟೆಗೆ ಬೆಳ್ಳಗಾಯಿತು.

ಡಿಸೆಂಬರಿನಲ್ಲಿ ಕಾಲೇಜಿನ ಸಭಾಂಗಣದಲ್ಲೇ ಮನ್ನಣೆ ಕೊಟ್ಟರು. ನನಗೆ ಆಹ್ವಾನವಿರಲಿಲ್ಲ. ಉಪನ್ಯಾಸಕಿ ಎರಡೇ ಪದದ ಸಂದೇಶ ಕಳಿಸಿದ್ದರು: ‘ಬರ್ರಿ ಅಕ್ಕಾ.’ ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ನನ್ನ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಲೇತ್ ಮೇಸ್ತ್ರಿ ಕೂತಿದ್ದರು. ಡಬ್ಬದ ಮೇಲೆ ಈಗ ಕಣ್ಣಿನ ಎಚ್ಚರಿಕೆಯ ಗುರುತು ಬಂದಿದೆ, ಗ್ಯಾರೇಜಿನವರೆಲ್ಲ ಕನ್ನಡಕ ಹಾಕಿಕೊಂಡೇ ತೊಳೆಯುತ್ತಾರೆ ಎಂದು ಸಂತೋಷದಿಂದ ಹೇಳಿದರು. ಡಬ್ಬದ ಮೊದಲಿನ ಬರಹಕ್ಕೆ ಆಧಾರವಾದ ವರದಿ ಬರೆದವಳು ನಾನು ಎಂದು ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಎದ್ದು ಹೋಗಲಿಲ್ಲ. ವೇದಿಕೆಯ ಮೇಲೆ ಚಪ್ಪಾಳೆಯಾದಾಗ ಇಬ್ಬರೂ ಹೊಡೆದೆವು.

ಈ ಸಂಕ್ರಾಂತಿಗೆ ನಾನು ಊರಿಗೆ ಹೋಗಲಿಲ್ಲ. ಚರ್ಮದ ಪರೀಕ್ಷೆಗೆಂದು ಇನ್ನೂ ಕೆಲವು ಮೊಲಗಳಿವೆ. ಅವಕ್ಕೂ ಬದಲಿ ದಾರಿ ಹುಡುಕುವ ಕೆಲಸವನ್ನು, ಸಹಿ ಇಲ್ಲದ ನನಗೇ ಹಚ್ಚಿದ್ದಾರೆ. ಅವ್ವ ಧಾರವಾಡದಿಂದ ಪಾರ್ಸಲ್ ಮಾಡಿದ್ದ ಎಳ್ಳು ಬೆಲ್ಲವನ್ನು ತೆಗೆದುಕೊಂಡು ಹಬ್ಬದ ಬೆಳಿಗ್ಗೆ ಪ್ರಾಣಿಶಾಲೆಗೆ ಹೋದೆ. ಇಡೀ ಕಟ್ಟಡದಲ್ಲಿ ನಾವಿಬ್ಬರೇ. ತಾತ ಕೈ ತೊಳೆದುಕೊಂಡು ಬಂದು ಅಂಗೈ ಚಾಚಿದರು. ಹಾಕಿದೆ. ಹಬ್ಬದ ಮಾತನ್ನು ಹೇಳಲಿಲ್ಲ.

ಅವರು ಎಳ್ಳು ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ನನ್ನ ಮುಖ ನೋಡಿದರು. ಇನ್ನೂ ಅಗಿಯುತ್ತಲೇ, ‘ಮೂರನೇ ಗೂಡಿನದು ನಿನ್ನೆಯಿಂದ ನೀರು ಮುಟ್ಟಿಲ್ಲ ಮೇಡಂ ಗಾರೂ’ ಎಂದರು.

‘ನಡೀರಿ, ನೋಡೋಣ’ ಎಂದೆ.